ಅವಳ ಬೆನ್ನಿನ ಮೇಲೆ ನನ್ನ ಕೈ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ. ಪೇಟೆಯಲ್ಲಿ ಚೀಲ ಬಿಚ್ಚಿದ ದಿನ ಗಾಳಿ ನಮ್ಮ ಓಣಿಯ ಕಡೆ ತಿರುಗಿದರೆ ಮನೆಮನೆಯಿಂದಲೂ ಸೀನಿನ ಸದ್ದು, ಹಿಂದೆಯೇ ನಗು. ನನ್ನ ಹೆಂಡತಿಗೆ ಮಾತ್ರ ಸೀನು ಎಂದರೆ ಜೀವಭಯ. ಮೂಗಿನಲ್ಲಿ ಕಚಗುಳಿ ಆದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಮೊಣಕಾಲು ತುಸು ಬಗ್ಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಸೀನು ಬಂದು ಹೋದ ಮೇಲೆ ಮುಖ ಬಿಳಿಚಿಕೊಂಡಿರುತ್ತಿತ್ತು. ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ನಿಲ್ಲುವುದನ್ನು ಬಿಟ್ಟು ಬೇರೇನೂ ನನಗೆ ತಿಳಿಯುತ್ತಿರಲಿಲ್ಲ.

ಅವಳ ಬೆನ್ನು ಕೆಟ್ಟದ್ದು ಎರಡು ಸಾವಿರದ ಒಂದೋ ಎರಡೋ ಇಸವಿಯ ಬೇಸಿಗೆಯಲ್ಲಿ. ಹಿತ್ತಲಲ್ಲಿ ಕೌದಿ ಒಗೆದು, ನೀರು ಕುಡಿದು ಭಾರವಾದ ಅದನ್ನು ಹಗ್ಗದ ಮೇಲೆ ಹಾಕಲು ಎತ್ತಿದಳು. "ಏನೋ ಛಳಕ್ ಅಂತು ನೋಡ್ರಿ" ಎಂದು ಸೊಂಟ ಹಿಡಿದುಕೊಂಡು ಒಳಗೆ ಬಂದಳು. ಆಗ ಅವಳಿಗೆ ಮೂವತ್ತನಾಲ್ಕು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದಳು. ಎರಡು ದಿನ ಮಲಗಿದಳು, ಮೂರನೆಯ ದಿನ ಎದ್ದು ಯಂತ್ರಕ್ಕೆ ಕೂತಳು. ನೋವು ಹೋಗುತ್ತದೆ ಎಂದು ಇಬ್ಬರೂ ಕಾದೆವು. ಅದು ಹೋಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಕಬಡ್ಡಿಯಲ್ಲಿ ಉಳುಕಿದ ಎಷ್ಟೋ ಕಾಲುಗಳನ್ನು ಈ ಕೈಯಿಂದಲೇ ತಿಕ್ಕಿ, ಎಳೆದು ಸರಿ ಮಾಡಿದವನು. ಮೈ ಎಂದರೆ ಏನೆಂದು ನನಗೆ ಗೊತ್ತು ಎಂಬ ಜಂಬ ಒಳಗೊಳಗೇ ಇತ್ತು. ಹಲಗೇರಿ ಕಡೆ ಎಲುಬು ಕೂಡಿಸುವ ಒಬ್ಬ ಅಜ್ಜನ ಹತ್ತಿರ ಕರೆದುಕೊಂಡು ಹೋದೆ. ಎಣ್ಣೆ ಹಚ್ಚಿ ತಿಕ್ಕಿದ, ಪಟ್ಟಿ ಕಟ್ಟಿದ. ಹಾವೇರಿಯ ಎಲುಬಿನ ಡಾಕ್ಟರು ಗುಳಿಗೆ ಕೊಟ್ಟು ಸೊಂಟಕ್ಕೆ ಬೆಲ್ಟು ಹಾಕಿಸಿದರು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಅಲ್ಲಿಯ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು, ಡಿಸ್ಕ್ ಸ್ವಲ್ಪ ಉಬ್ಬಿದೆ, ಆಪರೇಷನ್ ಬೇಕಿಲ್ಲ, ಭಾರ ಎತ್ತಬಾರದು, ಇದರ ಜೊತೆ ಹೊಂದಿಕೊಂಡು ಹೋಗಬೇಕು ಎಂದರು.

ವಾಪಸು ಬರುವಾಗ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದ ಅವಳು ಹೇಳಿದಳು: "ನನಗ ಹೊಂದ್ಕೊಂಡ ಹೋಗು ಅಂದ್ರು. ಆ ನೋವಿಗೂ ಒಂದ್ ಮಾತು ಹೇಳಬೇಕಿತ್ತಲ್ರಿ, ಇಕಿ ಜೋಡಿ ಹೊಂದ್ಕೊಂಡ ಹೋಗಂತ."

ನಾನು ನಕ್ಕೆ. ಅವಳು ನಗುತ್ತಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮೂರು ವರ್ಷ ಹೀಗೇ ಕಳೆದ ಮೇಲೆ, ನಮ್ಮ ಸಾಲೆಯ ಗಣಿತದ ಮಾಸ್ತರರು ರಾಣೆಬೆನ್ನೂರಿಗೆ ಹೊಸ ಡಾಕ್ಟರು ಬರುವ ಸುದ್ದಿ ತಂದರು. ಹದಿನೈದು ದಿನಕ್ಕೊಮ್ಮೆ ರವಿವಾರ ಬರುತ್ತಾರೆ, ಗುಳಿಗೆ ಇಲ್ಲ, ಸೂಜಿ ಇಲ್ಲ, ಬೆನ್ನನ್ನು ಕೈಯಿಂದ ಒತ್ತಿ ನೋವು ಇಳಿಸುತ್ತಾರೆ, ಪರದೇಶದಲ್ಲಿ ಕಲಿತು ಬಂದವರು ಎಂದರು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ರಸ್ತೆಯೆಲ್ಲ ಅಗೆದು ಬಿದ್ದಿತ್ತು. ಬಸ್ಸಿನ ಕುಲುಕಾಟ ಅವಳಿಗೆ ತಡೆಯುವುದಿಲ್ಲವೆಂದು ಪ್ಯಾಸೆಂಜರ್ ರೈಲಿಗೆ ಹೋದೆವು.

ಕೋಣೆ ಇದ್ದದ್ದು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಬೆನ್ನುನೋವಿನವರನ್ನು ಮೆಟ್ಟಿಲು ಹತ್ತಿಸುತ್ತಾರಲ್ಲ ಎಂದು ಬೈದುಕೊಂಡು ಹತ್ತಿದೆ. ಬೋರ್ಡಿನ ಮೇಲೆ 'ಕೈರೋಪ್ರ್ಯಾಕ್ಟಿಕ್' ಎಂದಿತ್ತು. ಸರದಿಗೆ ಕೂತ ಹೆಂಗಸೊಬ್ಬಳು ಓದಲು ನೋಡಿ, ಅರ್ಧಕ್ಕೇ ಬಿಟ್ಟು, "ಕೈ ಡಾಕ್ಟರು ಅಂದ್ರ ಸಾಕ್ ತಗೋರಿ" ಎಂದಳು. ನಮ್ಮ ಮನೆಯಲ್ಲೂ ಅವರು ಕೈ ಡಾಕ್ಟರೇ ಆದರು.

ದಾವಣಗೆರೆ ಕಡೆಯವರು, ನನಗಿಂತ ಚಿಕ್ಕವರು. ಒತ್ತುವ ಮೊದಲು ಅರ್ಧ ತಾಸು ಬರೀ ಪ್ರಶ್ನೆ. ಹೇಗೆ ಮಲಗುತ್ತೀರಿ, ಯಂತ್ರಕ್ಕೆ ಕೂತಾಗ ಯಾವ ಕಾಲು ಮುಂದೆ, ಕೊಡ ಯಾವ ಸೊಂಟಕ್ಕೆ. ಸ್ಕ್ಯಾನಿನ ಫಿಲಂ ನೋಡಿದರು. ಕಾಲಿನ ಶಕ್ತಿ ನೋಡಿದರು, ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಮೂರು ವರ್ಷದಲ್ಲಿ ಇಷ್ಟು ಯಾರೂ ಅವಳನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲೆ ಅವಳನ್ನು ಮೆತ್ತನೆಯ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಇಟ್ಟು, "ಉಸಿರು ಬಿಡ್ರಿ ಅಕ್ಕಾರ" ಎಂದು ಥಟ್ಟನೆ ಒತ್ತಿದರು. ಟಕ್ ಎಂದಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವಳು ಮಾತ್ರ ಸುಮ್ಮನೆ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ನಗಲು ಶುರುಮಾಡಿದಳು. ಸಣ್ಣ ಹುಡುಗಿಯ ಹಾಗೆ ನಕ್ಕಳು.

"ಎಲುಬು ಜರುಗಿತ್ತು, ಕೂಡ್ತೇನ್ರಿ ಡಾಕ್ಟರ?" ಎಂದು ನಾನು ಕೇಳಿದೆ.

"ಎಲುಬು ಜರುಗೂದೂ ಇಲ್ಲ, ಕೂಡೂದೂ ಇಲ್ರಿ ಮಾಸ್ತರ" ಎಂದರು. "ಬಿಗಿ ಹಿಡಿದ ಸಂದು ಸಡಿಲ ಆಗ್ತಾವು, ನೋವು ಒಂದಿಷ್ಟು ಇಳೀತೈತಿ. ಅದೂ ಕೆಲವರಿಗೆ. ಪೂರಾ ವಾಸಿ ಮಾಡ್ತೇನಿ ಅಂತ ನಾ ಹೇಳಂಗಿಲ್ಲ. ನಾ ಕೊಟ್ಟ ವ್ಯಾಯಾಮ ದಿನಾ ಮಾಡಬೇಕು."

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಇಳೀತೈತಿ ಎಂಬುದೊಂದೇ.

ಮರುದಿನ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿದಳು. ಆ ಸದ್ದು ಕೇಳಿ ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಗುರುವಾರದ ಹೊತ್ತಿಗೆ ನೋವು ಮರಳಿ ಬಂತು. ಮತ್ತೆ ಹೋದೆವು, ಮತ್ತೆ ಮೂರು ದಿನ, ಒಮ್ಮೆ ನಾಲ್ಕು ದಿನ. ಹದಿನೈದರಲ್ಲಿ ಮೂರು ದಿನ ಅವಳು ನನ್ನ ಹಳೆಯ ಹೆಂಡತಿಯಾಗಿರುತ್ತಿದ್ದಳು. ಉಳಿದ ದಿನ ನಾನು ವ್ಯಾಯಾಮದ ಕಾಗದ ಹಿಡಿದು ಅವಳ ಬೆನ್ನು ಹತ್ತುತ್ತಿದ್ದೆ. "ಸೀಟಿ ಒಂದ್ ಊದೂದು ಬಾಕಿ ಐತಿ ನೋಡ್ರಿ" ಎನ್ನುತ್ತಿದ್ದಳು.

ನಾಲ್ಕು ತಿಂಗಳಾಗಿತ್ತು. ಹಾವೇರಿಯಲ್ಲಿ ಅವಳ ಅಕ್ಕನ ಮಗಳ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹುಡುಗಿಯ ಕುಪ್ಪಸ ತಾನೇ ಹೊಲಿಯುತ್ತೇನೆಂದು ಎರಡು ದಿನ ಯಂತ್ರ ಬಿಟ್ಟು ಏಳಲಿಲ್ಲ. ನಿಶ್ಚಯದ ಹಿಂದಿನ ದಿನ ಮಧ್ಯಾಹ್ನ ನಾನು ಸಾಲೆಯಿಂದ ಬಂದಾಗ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಡಾಕ್ಟರು ಬರುವ ರವಿವಾರ ಇನ್ನೂ ದೂರವಿತ್ತು.

ಅವಳೇ ಕೇಳಿದಳು, ಅದಕ್ಕೇ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಲ್ಲ. ಮಾತು ತೆಗೆದವನು ನಾನು.

"ನಾ ಒತ್ಲೇನು? ಅಷ್ಟ್ ಸಲ ನೋಡೇನಿ."

"ಬ್ಯಾಡ್ರಿ, ನಿಮಗ ಗೊತ್ತಾಗೂದಿಲ್ಲ."

"ನಾಳೆ ಹಾವೇರಿಗೆ ಹೋಗಬೇಕೋ ಬ್ಯಾಡೋ?"

ಅವಳು ಮಗ್ಗುಲಾದಳು. ಡಾಕ್ಟರು ಇಟ್ಟ ಹಾಗೆಯೇ ಕೈ ಇಟ್ಟೆ. ಉಸಿರು ಬಿಡು ಎಂದೆ. ಒತ್ತಿದೆ.

ಸದ್ದೇನೂ ಬರಲಿಲ್ಲ. ಅವಳೂ ಕೂಗಲಿಲ್ಲ. ಬಾಯಿ ತೆರೆದು ಹಾಗೇ ಉಳಿದಳು, ಕಣ್ಣಿನಿಂದ ನೀರು ತಾನಾಗಿಯೇ ಇಳಿಯುತ್ತಿತ್ತು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: "ಎಡಗಾಲು ಜೋಮು ಹಿಡದೈತ್ರಿ. ಎಲ್ಲೈತೋ ಗೊತ್ತಾಗವಲ್ದು."

ಬಾಡಿಗೆಯ ಗಾಡಿಯೊಂದರಲ್ಲಿ ಹಿಂದೆ ಗಾದಿ ಹಾಸಿ ಮಲಗಿಸಿಕೊಂಡು ಹಾವೇರಿಗೆ ಹೊರಟೆ. ಅಗೆದ ಹೆದ್ದಾರಿಯ ಒಂದೊಂದು ಗುಂಡಿಗೂ ಅವಳ ಉಗುರು ನನ್ನ ಮುಂಗೈಯಲ್ಲಿ ಇಳಿಯುತ್ತಿತ್ತು. ಇಳಿಯಲಿ ಎಂದು ಕೈ ಕೊಟ್ಟು ಕೂತೆ. ದವಾಖಾನೆಯಲ್ಲಿ ಡಾಕ್ಟರು "ಏನಾತ್ರಿ?" ಎಂದು ನನ್ನ ಮುಖ ನೋಡಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಹೇಳಿದಳು: "ಬಚ್ಚಲದಾಗ ಜಾರಿ ಬಿದ್ನಿರಿ."

ಆ ಮಾತು ಮುಗಿದ ಮೇಲೆ ಅವಳು ನನ್ನ ಕಡೆ ನೋಡಲಿಲ್ಲ. ನಾನು ತಿದ್ದಲೂ ಇಲ್ಲ.

ಎಲುಬು ಮುರಿದಿರಲಿಲ್ಲ. ಡಿಸ್ಕು ಮೊದಲಿಗಿಂತ ಹೆಚ್ಚು ಹೊರಬಂದು ನರಕ್ಕೆ ಒತ್ತಿತ್ತು. ಮಲಗಿಯೇ ಇರಬೇಕು ಎಂದರು. ಅದೇ ಊರಿನಲ್ಲಿ, ದವಾಖಾನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮರುದಿನ ನಿಶ್ಚಯ ಆಯಿತು. ಗಾಡಿಯಲ್ಲಿ ಜೊತೆಗೆ ತಂದಿದ್ದ ಕುಪ್ಪಸಕ್ಕೆ ಹುಕ್ಕು ಹಚ್ಚುವುದು ಉಳಿದಿತ್ತು, ಅದನ್ನು ಅವಳ ಅಕ್ಕನೇ ಮಂಚದ ಪಕ್ಕ ಕೂತು ಹಚ್ಚಿಕೊಂಡು ಹೋದಳು. ಮುಂದಿನ ವಾರ ಅವಳ ಅಣ್ಣ ನಮ್ಮ ಮನೆಗೆ ರಬ್ಬರಿನ ಚಾಪೆಯೊಂದನ್ನು ತಂದರು. "ಬಚ್ಚಲದಾಗ ಹಾಸ್ರಿ ಮಾಸ್ತರ, ಇನ್ನೊಮ್ಮೆ ಹಿಂಗ ಆಗಬಾರ್ದು" ಎಂದರು. ನಾನು ಅವರೆದುರಿಗೇ ಬಗ್ಗಿ ಅದನ್ನು ಹಾಸಿದೆ. ಮಂಚದ ಮೇಲಿಂದ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು.

ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ಕೈ ಡಾಕ್ಟರು ಬರುವ ರವಿವಾರ ಒಬ್ಬನೇ ರಾಣೆಬೆನ್ನೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಹೆಂಗ ಒತ್ತಬೇಕು ಅನ್ನೂದು ಲಗೂ ಕಲೀಬಹುದ್ರಿ ಮಾಸ್ತರ. ಯಾವಾಗ ಕೈ ಹಚ್ಚಬಾರ್ದು ಅನ್ನೂದು ಕಲಿಯಾಕ ನನಗ ವರ್ಷಗಟ್ಟಲೆ ಹಿಡೀತು. ಅವತ್ತು ಅವರು ನನ್ನ ಕಡೆ ಬಂದಿದ್ರೂ ನಾ ಒತ್ತತಿದ್ದಿಲ್ಲ."

"ಈಗೇನ್ ಮಾಡೋದ್ರಿ?"

"ನರದ ಡಾಕ್ಟರಿಗೆ ತೋರಸ್ರಿ. ಉಚ್ಚಿ ಹಿಡಿತ ತಪ್ಪಿದ್ರ, ಕಾಲಿನ ಶಕ್ತಿ ಕಡಿಮಿ ಆದ್ರ ಒಂದ್ ತಾಸೂ ತಡಾ ಮಾಡಬ್ಯಾಡ್ರಿ. ಕಾಲ ಜೋಮು ಹೋಗೂತನಕ ನಾ ಕೈ ಹಚ್ಚಂಗಿಲ್ಲ."

ಅಂದರೆ ಆ ಮೂರು ದಿನಗಳೂ ಹೋದವು. ಇದು ನನಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ. ಅವಳಿಗೆ ಇದ್ದ ಒಂದೇ ಬಿಡುವನ್ನು ನಾನೇ ನನ್ನ ಕೈಯಿಂದ ಕಸಿದಿದ್ದೆ. ಕೆಳಗಿನ ಅಂಗಡಿಯಲ್ಲಿ ಯಾರೋ ಸೀರೆ ಬಿಚ್ಚಿ ನೋಡುತ್ತಿದ್ದರು. ನಾನು ಅಲ್ಲೇ ಬಾಗಿಲಲ್ಲಿ ನಿಂತುಬಿಟ್ಟೆ. ಗಿರಾಕಿ ಎಂದುಕೊಂಡು ಅಂಗಡಿಯವರು "ಬರ್ರಿ, ಕುಂದ್ರಿ" ಎಂದರು. ಕೂತೆ. ನೀರು ಕೊಟ್ಟರು, ಕುಡಿದೆ.

ಜೋಮು ಇಳಿಯಲು ಏಳೆಂಟು ತಿಂಗಳು ಹಿಡಿಯಿತು, ಕಾಲಿನ ಎರಡು ಬೆರಳಲ್ಲಿ ಇಂದಿಗೂ ಪೂರ್ತಿ ಹೋಗಿಲ್ಲ. ನರದ ಡಾಕ್ಟರು ಇನ್ನು ತೊಂದರೆಯಿಲ್ಲ ಎಂದ ಮೇಲೆ, ಒಂದು ರವಿವಾರ ಇಬ್ಬರೂ ರಾಣೆಬೆನ್ನೂರಿಗೆ ಹೋದೆವು. ಅವಳೇ ಹೋಗೋಣ ಎಂದಿದ್ದಳು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರೆ ಬಾಗಿಲಿಗೆ ಬೀಗ. ಬೋರ್ಡೂ ಇರಲಿಲ್ಲ. ಕೆಳಗಿನಿಂದ ಅಂಗಡಿಯವರು ಕೂಗಿ ಹೇಳಿದರು: "ಅವರು ಬರೂದು ಬಿಟ್ಟು ಎರಡ್ ತಿಂಗಳಾತ್ರಿ. ಎಲ್ಲಿ ಹೋದ್ರೋ ಗೊತ್ತಿಲ್ಲ."

ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ಮಾಳಿಗೆಯ ಆ ಕತ್ತಲೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಹುಡುಕೋಣ, ಬೆಂಗಳೂರಿನಲ್ಲಿ ಇಂಥವರು ಇದ್ದಾರಂತೆ, ಕೇಳೋಣ ಎಂದು ಏನೇನೋ ಹೇಳುತ್ತಲೇ ಇದ್ದೆ. ಅವಳು ಕೈ ಚಾಚಿದಳು. "ಇಳಿಯೂಣ ನಡೀರಿ. ರೈಲು ಹೋಗಿಬಿಡ್ತೈತಿ."

ಬೇರೆ ಕೈ ಡಾಕ್ಟರು ನಮಗೆ ಸಿಗಲಿಲ್ಲ. ಅವರು ಕೊಟ್ಟ ಕಾಗದದ ವ್ಯಾಯಾಮಗಳನ್ನು ಅವಳು ಬಿಡದೆ ಮಾಡುತ್ತಾಳೆ. ಕುಪ್ಪಸ ಹೊಲಿಯುವುದನ್ನು ನಿಲ್ಲಿಸಿದಳು, ನಿಂತುಕೊಂಡೇ ಸೀರೆಗೆ ಫಾಲ್ ಹಚ್ಚುತ್ತಾಳೆ. ಕೆಲವು ದಿನ ಪರವಾಗಿಲ್ಲ, ಕೆಲವು ದಿನ ತಲೆ ಬಾಚಿಕೊಳ್ಳಲೂ ಆಗುವುದಿಲ್ಲ. ಬಚ್ಚಲಲ್ಲಿ ಬಿದ್ದಳೆಂದೇ ತವರಿನವರು ಈಗಲೂ ತಿಳಿದಿದ್ದಾರೆ. ನಿಜ ಹೇಳಿಬಿಡುತ್ತೇನೆ ಎಂದು ಎರಡು ಸಲ ಹೊರಟಿದ್ದೆ. "ಹೇಳಿ ಏನ್ ಮಾಡ್ತೀರಿ? ನಿಮ್ಮ ಎದಿ ಹಗುರ ಆಗ್ತೈತಿ, ನನ್ನ ಬೆನ್ನು ಆಗಂಗಿಲ್ಲ" ಎಂದು ತಡೆದಳು.

ರಾಣೆಬೆನ್ನೂರಿನ ಬೀಗ ನೋಡಿ ಬಂದ ಮೇಲಿನ ದಿನಗಳಲ್ಲಿ ನಾನು ಮುಂಜಾನೆ ಎದ್ದ ಕೂಡಲೇ ನೋವು ಹೇಗಿದೆ ಎಂದು ಕೇಳುತ್ತಿದ್ದೆ, ಸಾಲೆಗೆ ಹೋಗುವಾಗ ಕೇಳುತ್ತಿದ್ದೆ, ಬಂದ ಮೇಲೆ ಕೇಳುತ್ತಿದ್ದೆ. ಒಂದು ಸಂಜೆ ಅವಳು ಸೂಜಿ ನಿಲ್ಲಿಸಿ ಹೇಳಿದಳು:

"ನೋವು ಹೆಂಗೈತಿ ಅಂತ ಕೇಳಬ್ಯಾಡ್ರಿ ಇನ್ನ. ನೀವು ಕೇಳಿದಾಗೆಲ್ಲ ನಿಮ್ಮ ಮಾರಿ ನೋಡಿ ಕಡಿಮಿ ಐತಿ ಅಂತ ಹೇಳಬೇಕಾಗ್ತೈತಿ. ಅದೂ ಒಂದ್ ಕೆಲಸ ಆಗೈತಿ ನನಗ."

ಅಂದಿನಿಂದ ಕೇಳುವುದನ್ನು ಬಿಟ್ಟೆ. ಬಿಟ್ಟ ಮೇಲೆ ತಿಳಿಯಿತು, ಅವಳಿಗಾಗಿ ನಾನು ಮಾಡುತ್ತಿದ್ದದ್ದು ಆ ಕೇಳುವುದೊಂದೇ ಆಗಿತ್ತು.