ಮಾರ್ಕೆಟ್ಟಿನ ಬೂತಾಯಿ

ಬೂತಾಯಿ ಮೀನಿನ ಹೊಟ್ಟೆ ಸೀಳಿ ನೋಡುವುದು ನನ್ನ ಸಂಶೋಧನೆ. ಬೊರಿವಲಿಯ ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯ ವಾಸನೆಗೂ ಮುಖ ಸಿಂಡರಿಸುವ ಮೈಸೂರಿನ ಅಮ್ಮ, ನಾನು ಬೆಲ್ ಒತ್ತಿದೊಡನೆ, "ಅಲ್ಲೇ ನಿಂತ್ಕೋ, ಬಕೆಟ್ ತುಂಬಿಸಿದೀನಿ, ಏನೂ ಮುಟ್ಬೇಡ" ಎನ್ನುತ್ತಾಳೆ. ನನಗೂ ಆ ನಾತ ಇಂದಿಗೂ ಒಗ್ಗಿಲ್ಲ. ಅದು ಉಗುರ ಸಂದಿ ಬಿಟ್ಟು ಹೋಗುವುದಿಲ್ಲ. ಲೋಕಲ್ ರೈಲಿನಲ್ಲಿ ಪಕ್ಕದವಳು ಕರ್ಚೀಫು ತೆಗೆದರೆ ನಾನು ಕಿಟಕಿಯಾಚೆ ನೋಡುತ್ತೇನೆ.

ಸಮುದ್ರದ ಮೀನನ್ನು ಯಾರೂ ಎಣಿಸಲಾರರು. ನೀರನ್ನು ಸಣ್ಣ ಬಲೆಯಲ್ಲಿ ಸೋಸಿ ತೇಲುವ ಮೊಟ್ಟೆಗಳನ್ನು ಎಣಿಸುತ್ತೇವೆ. ಹೆಣ್ಣುಗಳಲ್ಲಿ ಎಷ್ಟು ಪಾಲು ಮೊಟ್ಟೆಯಿಡುತ್ತಿವೆ ಎಂದು ಹೊಟ್ಟೆ ಸೀಳಿ ತಿಳಿಯುತ್ತೇವೆ. ಎರಡನ್ನೂ ಸೇರಿಸಿ ಒಟ್ಟು ಮೀನನ್ನು ಅಂದಾಜು ಮಾಡುತ್ತೇವೆ. ಹಾಗಾಗಿ ಮೀನು ದೋಣಿಯಿಂದ ಇಳಿದ ಹಾಗೇ, ಯಾರೂ ಆರಿಸುವ ಮೊದಲೇ ನಮಗೆ ಸಿಗಬೇಕು.

ಆ ದಿನ ಟ್ರೇಯಲ್ಲಿದ್ದ ಮೀನುಗಳ ಹೊಟ್ಟೆಯೆಲ್ಲ ಚಪ್ಪಟೆ. ಮೊಟ್ಟೆಯಿಡುವ ಕಾಲದಲ್ಲೂ ಮೊಟ್ಟೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದರಲ್ಲಿ.

"ಸರ್, ಇದು ಯಾವ ದೋಣೀದು?" ಎಂದು ಧಾರವಾಡ ಕಡೆಯವರಾದ ನನ್ನ ಗೈಡ್‌ರನ್ನು ಕೇಳಿದೆ.

"ದೋಣಿ ಎಲ್ಲೀದವಾ? ನಸುಕಿನ್ಯಾಗ ಎದ್ದು ಬಂದರಿಗೆ ಯಾರು ಹೋಗ್ತಾರ? ಮಲಾಡ್ ಮಾರ್ಕೆಟ್‌ನ್ಯಾಗ ತಗೊಂಡೆ."

"ಅಲ್ಲಿ ಮೊಟ್ಟೆ ತುಂಬಿದ್ದನ್ನ ಬೇರೆ ಬುಟ್ಟಿಗೆ ಹಾಕಿ ಜಾಸ್ತಿ ರೇಟಿಗೆ ಮಾರ್ತಾರೆ ಸರ್. ನಮಗೆ ಬಂದಿರೋದು ಉಳಿದಿದ್ದು."

"ಪುಳಿಚಾರು ಹುಡುಗಿ, ನಿನಗ ಮೀನಿನ ರೇಟೂ ಗೊತ್ತಾತಲ್ಲ" ಎಂದು ನಕ್ಕರು. ಮೀನು ಮುಟ್ಟಿದ ಕೈಯನ್ನೇ ಡಬ್ಬಿಗೆ ಹಾಕಿ ಶಂಕರಪಾಳಿ ತೆಗೆದು ಬಾಯಿಗೆ ಎಸೆದುಕೊಂಡರು. ನನ್ನ ಕಡೆಗೂ ಡಬ್ಬಿ ಚಾಚಿದರು. ಬೇಡವೆಂದು ಕಂಪ್ಯೂಟರ್ ಕಡೆ ತಿರುಗಿ ಲೆಕ್ಕ ಹಾಕಿದೆ.

ಆ ಮೀನುಗಳನ್ನು ನಂಬಿದರೆ ಮೊಟ್ಟೆಯಿಡುವ ಹೆಣ್ಣುಗಳ ಪಾಲು ತೀರಾ ಕಡಿಮೆ. ನೀರಿನಲ್ಲಿ ಸಿಕ್ಕಷ್ಟು ಮೊಟ್ಟೆ ಅಷ್ಟು ಸಣ್ಣ ಪಾಲಿನಿಂದಲೇ ಬರಬೇಕಾದರೆ ಒಟ್ಟು ಮೀನು ಅಪಾರವಾಗಿರಬೇಕು. ಕಂಪ್ಯೂಟರ್‌ನಲ್ಲಿ ಸಮುದ್ರ ತುಂಬಿ ತುಳುಕಿತು.

"ಭರಪೂರ ಐತಿ ನೋಡು. ಮ್ಯಾಲಿನವರಿಗೂ ಖುಷಿ, ನಿನಗೂ ಈ ವರ್ಷನ ಡಿಗ್ರಿ."

"ಇದನ್ನ ನಾನು ಬರೆಯಲ್ಲ ಸರ್."

"ಸೀಜನ್ ಮುಗೀತು ಅಂದ್ರ ಒಂದ್ ವರ್ಷ ಹೋತು."

"ಗೊತ್ತು."

ಟ್ರೇಯನ್ನು ಕಸದ ಡಬ್ಬಿಗೆ ಮಗುಚಿ, ಕೈ ತೊಳೆದು ಹೊರಟೆ. ಸೋಪಿನ ಮೇಲೂ ಅವರ ಶಂಕರಪಾಳಿಯ ಎಣ್ಣೆ ಇತ್ತು.

ಮನೆಯ ಬಾಗಿಲಲ್ಲಿ ನಿಂತೇ ಅಮ್ಮನಿಗೆ ನಡೆದದ್ದನ್ನು ಹೇಳಿದೆ.

"ಅಂದ್ರೆ ಇನ್ನೂ ಒಂದು ವರ್ಷ ಈ ನಾತಾನಾ?"

"ಹೂಂ. ಮುಂದಿನ ಸೀಜನ್‌ಗೆ ಬಂದರಿಗೆ ನಾನೇ ಹೋಗ್ತೀನಿ."

ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು, ಬಕೆಟ್ಟನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿದಳು.