ಚಾವಿ ಯಾರ ಕೊರಳಲ್ಲಿ

ಪೆಂಡಲ್ ಹಿಲ್‌ನ ಕಿರಾಣಿ ಅಂಗಡಿಯಲ್ಲಿ ಬೇಳೆ ಕಟ್ಟುತ್ತಿದ್ದ ನಾನು ಸಿಡ್ನಿ ಬಿಟ್ಟು ಮೆಲ್ಬೋರ್ನಿಗೆ ಬಂದದ್ದು ಪಿಆರ್, ಅಂದರೆ ಈ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿಯ ಆಸೆಗೆ. ಕ್ರಾನ್‌ಬರ್ನ್ ಕಡೆಯ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ನನ್ನ ವೀಸಾಕ್ಕೆ ಸ್ಪಾನ್ಸರ್ ಮಾಡಿದವರೂ ಅವರೇ. ಮರೆವಿನ ಕಾಯಿಲೆಯವರ ವಿಭಾಗ ನನ್ನದು. ಸಂಜೆಯ ಊಟವಾದ ಕೂಡಲೇ ಅಲ್ಲಿನ ಹಿತ್ತಿಲ ಬಾಗಿಲಿಗೆ ಬೀಗ ಹಾಕಬೇಕು. ಮುದುಕರು ದಾರಿ ತಪ್ಪಿ ಕಾರಿನಡಿ ಸಿಗಬಾರದೆಂದು ಮಾಡಿದ ನಿಯಮ, ತಪ್ಪೇನಲ್ಲ.

ಒಂದು ಸಂಜೆ ಬೀಗದ ಕೈ ಕಾಣದೆ ನನಗೆ ಸಿಟ್ಟು ನೆತ್ತಿಗೇರಿತ್ತು. ಜೊತೆಗೆ ಶಿಫ್ಟಿನಲ್ಲಿದ್ದ ಹುಬ್ಬಳ್ಳಿಯ ಹುಡುಗಿಯ ಮೇಲೆ ಹರಿಹಾಯ್ದೆ.

"ಚಾವಿ ಎಲ್ಲಿ ಒಗದೀ? ಡೋರ್ ಲಾಕ್ ಮಾಡೂದೈತಿ!"

"ಅಕ್ಕಾ, ನಿಮ್ಮ ಕೊರಳಾಗ ಐತಲ್ರಿ, ನೋಡ್ಕೋರಿ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಇಬ್ಬರೂ ನಗುತ್ತಿರುವಾಗ ಯಾರೋ ನನ್ನ ಮುಂಗೈ ಹಿಡಿದರು. ಬ್ರೆಜಿಲ್‌ನ ಅಜ್ಜಿ. ನಲವತ್ತು ವರ್ಷ ಆಡಿದ ಇಂಗ್ಲಿಷ್ ಮರೆತು, ಅವರಿಗೆ ಚಿಕ್ಕಂದಿನ ಪೋರ್ಚುಗೀಸ್ ಮಾತ್ರ ಉಳಿದಿತ್ತು. "ಶಾವಿ," ಎಂದರು, "ಶಾವಿ, ಶಾವಿ."

ಅವರ ಭಾಷೆಯಲ್ಲೂ ಅದೇ ಮಾತು, ಅದೇ ಅರ್ಥ. ಗೋವಾಕ್ಕೆ ಬಂದ ಪೋರ್ಚುಗೀಸರ ಮಾತು ಘಟ್ಟ ಹತ್ತಿ ನಮ್ಮ ಬೆಳಗಾವಿಯ ಮನೆಗಳಿಗೆ ಬಂದಿತ್ತು. ನಾನು ಅದನ್ನು ಅಪ್ಪಟ ಕನ್ನಡವೆಂದೇ ನಂಬಿ ಬೆಳೆದಿದ್ದೆ. ಅಜ್ಜಿ ಆ ಒಂದು ಮಾತಿನಿಂದ ನನ್ನನ್ನು ತಮ್ಮೂರಿನವಳೆಂದು ತೀರ್ಮಾನಿಸಿಬಿಟ್ಟರು. ಅಂದಿನಿಂದ ಪ್ರತಿ ಸಂಜೆ ಬಾಗಿಲ ಬಳಿ ನಿಂತು, ನನ್ನ ಕೊರಳ ದಾರ ಹಿಡಿದು ಬೇಡುವರು. ಹೊರಗೆ ಹೋಗುವ ಹಟ ಎಂದುಕೊಂಡು ನಾನು "ನಾಟ್ ಅಲೌಡ್, ಡಾರ್ಲಿಂಗ್" ಎಂದು ಅವರ ಬೆರಳು ಬಿಡಿಸುತ್ತಿದ್ದೆ. ಎಷ್ಟು ನಯವಾಗಿ ನಿಭಾಯಿಸುತ್ತೇನೆ ಎಂಬ ಹೆಮ್ಮೆ ಬೇರೆ.

ಭಾನುವಾರ ಅವರ ಮಗಳು ಬಂದಾಗ ಚಾವಿಯ ಕತೆಯನ್ನು ತಮಾಷೆಯಾಗಿ ಹೇಳಿದೆ. ಆಕೆ ನಗಲಿಲ್ಲ. ತಾಯಿಯ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಮ್ಮ ತಾನು ಹೊರಗೆ ಹೋಗಬೇಕು ಅನ್ನುತ್ತಿಲ್ಲ. ಅವರನ್ನು ಹೊರಗೆ ಬಿಡು ಅನ್ನುತ್ತಿದ್ದಾಳೆ," ಎಂದಳು.

ಯಾರನ್ನು ಎಂದು ಕೇಳಿದೆ. ಆಕೆ ಬ್ರೆಜಿಲ್‌ನ ತಮ್ಮೂರಿನ ಕತೆ ಹೇಳಿದಳು.

ಪೋರ್ಚುಗೀಸರು ಚಿನ್ನದಾಸೆಗೆ ಗುಡ್ಡ ಕೆದಕಿ ಕಟ್ಟಿದ ಸಣ್ಣ ಊರು ಅದು. ಶಿಲುಬೆ ಹೊತ್ತ ಒಂದು ಇಗರ್ಜಿ, ಒಡೆಯರ ಒಂದು ದೊಡ್ಡಮನೆ, ಅದರ ಹಿಂದೆ ಕಿಟಕಿಯಿಲ್ಲದ ಉದ್ದನೆಯ ಕಟ್ಟಡ. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರನ್ನು ಸಂಜೆಯಾದರೆ ಅದರೊಳಗೆ ಕೂಡಿಹಾಕುತ್ತಿದ್ದರು. ಚಿನ್ನ ಮುಗಿಯಿತು, ಪೋರ್ಚುಗೀಸರ ಆಳ್ವಿಕೆ ಹೋಯಿತು, ಗುಡ್ಡದ ತುಂಬ ಕಾಫಿ ಬಂತು; ಆ ಬೀಗ ಮಾತ್ರ ಹೋಗಲಿಲ್ಲ. ಬೀಗ ಹಾಕುವವರು ಒಡೆಯರಲ್ಲ. ಗುಲಾಮರಲ್ಲೇ ಒಬ್ಬಳನ್ನು ಆರಿಸಿ, ಕೊರಳಿಗೆ ಚಾವಿ ಕಟ್ಟಿ, ಮಲಗಲು ಅಡುಗೆಮನೆಯ ಮೂಲೆ ಕೊಡುತ್ತಿದ್ದರು. ಆ ಕೆಲಸ ತಾಯಿಯಿಂದ ಮಗಳಿಗೆ ಇಳಿಯಿತು. ಕೊನೆಯವಳು ಈ ಅಜ್ಜಿಯ ಮುತ್ತಜ್ಜಿ.

ಅವಳ ಕಾಲದಲ್ಲಿ ಒಮ್ಮೆ ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಅವಳು ಚಾವಿ ಹಿಡಿದು ಬಾಗಿಲಿಗೆ ಓಡಲಿಲ್ಲ. ಅಪ್ಪಣೆ ಕೇಳಲು ದೊಡ್ಡಮನೆಗೆ ಓಡಿದಳು. ಒಡೆಯ ಊಟಕ್ಕೆ ಕೂತಿದ್ದ. ಅವನು ಏಳುವವರೆಗೆ ಕಾದಳು. ಅಷ್ಟರಲ್ಲಿ ಒಳಗಿನ ಬಡಿತ ನಿಂತಿತ್ತು.

ಊರವರು ಆಮೇಲೆ ತಲೆಮಾರುಗಟ್ಟಲೆ ಆ ಮನೆಯವರನ್ನು ಚಾವಿಯವರೆಂದೇ ಕರೆದರಂತೆ. ಹುಡುಗಿಯಾಗಿದ್ದಾಗ ಅಜ್ಜಿಯನ್ನು ಇಗರ್ಜಿಯಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಚಾವಿ ಕಟ್ಟಿದ ಒಡೆಯರ ಹೆಸರು ಮಾತ್ರ ಇಂದಿಗೂ ಆ ಇಗರ್ಜಿಯ ಗೋಡೆಯ ಮೇಲಿದೆಯಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಒಂದು ಸಂಜೆ, ಒಂದೇ ನಿಮಿಷ, ಅಮ್ಮನ ಎದುರು ಬಾಗಿಲು ತೆರೆಯಿರಿ," ಎಂದಳು ಮಗಳು. "ತೆರೆಯಿತು ಅಂತ ಅವಳಿಗೆ ಗೊತ್ತಾದರೆ ಸಾಕು."

ಮ್ಯಾನೇಜರನ್ನು ಕೇಳುತ್ತೇನೆ ಎಂದೆ. ಅಷ್ಟೆಲ್ಲ ಕೇಳಿದ ಮೇಲೂ ನನ್ನ ಬಾಯಿಂದ ಬಂದದ್ದು ಅದೇ.

ಮ್ಯಾನೇಜರ್ ಇಮೇಲ್ ಮಾಡಲು ಹೇಳಿದರು. ಮಾಡಿದೆ. ಮೇಲಿನವರು ನೋಡಬೇಕು ಎಂದರು. ಸರಿ ಎಂದೆ. ಒಂಬತ್ತು ಸಂಜೆ ಅಜ್ಜಿ ನನ್ನ ಕೊರಳ ದಾರ ಹಿಡಿದು ನಿಂತರು. ಅವರ ಮುಖ ನೋಡಲಾಗದೆ ನಾನು ಬೀಗವನ್ನೇ ನೋಡುತ್ತಿದ್ದೆ. ಚಾವಿ ತಿರುಗಿಸಲು ಎಷ್ಟು ಹೊತ್ತು ಬೇಕು? ತಿರುಗಿಸಲಿಲ್ಲ. ಯಾರಾದರೂ ಕಂಡು ದೂರು ಕೊಟ್ಟರೆ, ಸ್ಪಾನ್ಸರ್ ಕೈಬಿಟ್ಟರೆ, ಪಿಆರ್ ಹೋದರೆ ಎಂಬ ಹೆದರಿಕೆ. ಅದಕ್ಕೆ ಬೇರೆ ಹೆಸರಿಟ್ಟು ಚಂದ ಮಾಡಲು ನನಗೆ ಮನಸ್ಸಿಲ್ಲ. ಹತ್ತನೆಯ ದಿನ ಅಜ್ಜಿ ಹಾಸಿಗೆಯಿಂದ ಏಳಲಿಲ್ಲ. ನ್ಯುಮೋನಿಯಾ ಎಂದರು. ಮೂರು ದಿನದಲ್ಲಿ ಹೋಗಿಬಿಟ್ಟರು.

ಅವರನ್ನು ಮಣ್ಣು ಮಾಡಿದ ಮರುದಿನ ಮೇಲಿನವರ ಉತ್ತರ ಬಂತು: ಇಬ್ಬರು ಸಿಬ್ಬಂದಿ ಜೊತೆಗಿದ್ದರೆ ಬಾಗಿಲು ತೆರೆಯಬಹುದು.

ಹುಬ್ಬಳ್ಳಿಯ ಹುಡುಗಿ ನನ್ನ ಹೆಗಲ ಮೇಲಿಂದ ಅದನ್ನು ಓದಿದಳು. "ಅಕ್ಕಾ, ಪರ್ಮಿಷನ್ ಬಂದೈತಿ," ಎಂದು ಮೆಲ್ಲಗೆ ಹೇಳಿದಳು, "ನಾವೂ ಇಬ್ರದೀವಿ."

ಹೋಗಿ ಬಾಗಿಲು ತೆರೆದೆ. ಹಿತ್ತಿಲಲ್ಲಿ ನಿಂಬೆಗಿಡ, ಒಣಹಾಕಿದ ಬಟ್ಟೆ. ಒಂದು ನಿಮಿಷ ನಿಂತೆವು. ಊಟದ ಹೊತ್ತು ಮುಗಿದಿತ್ತು, ಮತ್ತೆ ಬೀಗ ಹಾಕಿದೆ.