ಗೌಡ್ರು ಹುಡುಕುವ ಏರಿಯಾ

ಬಾಳೂರಿನ ಕಾಫಿ ಪ್ಲಾಂಟರ್ ಬೆಳ್ಳೇಗೌಡ್ರು ವರ್ಷಕ್ಕೊಮ್ಮೆ ಹೆಂಡತಿಯೊಂದಿಗೆ ಮೈಸೂರು ಸುತ್ತಲು ಹೋದರೆ, ಲಾಡ್ಜು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಅರಮನೆ ಕಾಣುವ ರೂಮು ಬೇಡ, ಮಾರ್ಕೆಟ್ ಪಕ್ಕದ್ದು ಬೇಡ, ಕೆರೆ ಎದುರಿನದಂತೂ ಬೇಡವೇ ಬೇಡ. "ಇಲ್ಲಿಂದ ಆಸ್ಪತ್ರೆಗೆ ಜೀಪಲ್ಲಿ ಎಷ್ಟೊತ್ತು ಮಾರಾಯ?" ಎಂದು ಪ್ರತಿ ಮ್ಯಾನೇಜರನ್ನೂ ಕೇಳುತ್ತಾರೆ. "ಜೀಪ್ ಯಾಕೆ ಸಾರ್, ರಸ್ತೆ ದಾಟಿದ್ರೆ ಆಸ್ಪತ್ರೆ" ಎಂದವನ ಬೀದಿಯೇ ಅವರಿಗೆ ಇಡೀ ಮೈಸೂರಿನಲ್ಲಿ ಚೆಂದದ ಏರಿಯಾ. "ನೀವು ನೋಡೋಕೆ ಬಂದಿದ್ದು ಅರಮನೆನೋ, ಆಸ್ಪತ್ರೆನೋ?" ಎಂದು ಹೆಂಡತಿ ವಿಮಲಮ್ಮ ಉಬ್ಬಸದ ಇನ್‌ಹೇಲರ್ ಹಿಡಿದುಕೊಂಡೇ ರೇಗುತ್ತಾರೆ. ಆಸ್ಪತ್ರೆಗೆ ಗಂಟೆಗಟ್ಟಲೆ ಜೀಪಿನ ದಾರಿಯಿರುವ ಎಸ್ಟೇಟಿನಲ್ಲಿ, ಮಳೆಗಾಲವಿಡೀ ಹೆಂಡತಿಯ ಉಸಿರಿಗೆ ಕಿವಿಗೊಟ್ಟು ಎಚ್ಚರವಿರುವ ಗೌಡ್ರು, ಇಲ್ಲಿ ಚಪ್ಪಲಿಯನ್ನೂ ಬಿಚ್ಚದೆ ಮಂಚಕ್ಕೊರಗಿ ಹಾಡಹಗಲೇ ಗೊರಕೆ ಹೊಡೆಯುತ್ತಿರುತ್ತಾರೆ.